ಮೂರು ಚುಕ್ಕೆ ಸುಣ್ಣ

ನಕ್ಷೆಯಮ್ಮ ಜಂಬದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಅವಳು ಮಾಡುವ ಕೆಲಸದ ಬಗ್ಗೆ ಕೇಳಿದವರು ಅವಳನ್ನು ಕರುಣಾಮಯಿ ಎಂದು ತೀರ್ಮಾನಿಸಿಬಿಡುತ್ತಾರೆ. ಅವಳಿಗಿದ್ದದ್ದು ರೂಪದ ಜಂಬವಲ್ಲ, ಓದಿನದಲ್ಲ, ಮನೆತನದ್ದೂ ಅಲ್ಲ. ಗೆರೆಯ ಜಂಬ. ತಾನು ಎಳೆದ ಗೆರೆಯನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೊಂದು ಗೆರೆಯನ್ನು ಅವಳು ಗೆರೆ ಎಂದು ಒಪ್ಪಿದವಳೇ ಅಲ್ಲ.

ಒಮ್ಮೆ ಸಿನಿಮಾ ನೋಡಲು ಹೋದವಳು, ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಓಡಬೇಕೆಂದು ತೋರಿಸುವ ಗೋಡೆಯ ನಕ್ಷೆಯಲ್ಲಿ ಮೆಟ್ಟಿಲು ಎಡಕ್ಕಿರುವುದನ್ನು ಕಂಡಳು. ನಿಜವಾದ ಮೆಟ್ಟಿಲು ಬಲಕ್ಕಿತ್ತು. ಮಧ್ಯಂತರದಲ್ಲಿ ಚೀಲದಿಂದ ಪೆನ್ನು ತೆಗೆದು ತಿದ್ದಿದಳು. ಮ್ಯಾನೇಜರು ಓಡಿ ಬಂದು ಕೂಗಾಡಿದ. ಅವಳು ಅವನ ತೋಳು ಹಿಡಿದು ಮೆಟ್ಟಿಲಿನವರೆಗೆ ನಡೆಸಿ ತೋರಿಸಿ, ಸರಿಯೆಂದು ಒಪ್ಪಿಸಿ, ಆ ತಿದ್ದುಪಡಿಯ ಕೆಳಗೆ ಅವನಿಂದಲೇ ಸಹಿ ಹಾಕಿಸಿದಳು. ತಂಗಿಯ ಮಗಳು ಶಾಲೆಗಾಗಿ ಬರೆದ ಬೆಟ್ಟದ ಚಿತ್ರ ನೋಡಿ, "ಈ ಬೆಟ್ಟ ನಾಳೆಯೊಳಗೆ ಬಿದ್ದುಹೋಗುತ್ತೆ" ಎಂದಳು. ಮಗು ಅಳತೊಡಗಿತು. "ಅಳೋದಾದ್ರೆ ಅಳು ಪುಟ್ಟಿ. ಆದ್ರೆ ನೆರಳನ್ನ ಬಲಕ್ಕೆ ಹಾಕು."

ಇಪ್ಪತ್ತೇಳು ವರ್ಷ ಅವಳು ಭೂಪಟ ತಯಾರಿಸುವ ಕಚೇರಿಯಲ್ಲಿದ್ದಳು. ಬೆಟ್ಟಗಳ ಎತ್ತರ ತೋರಿಸುವ ಸುತ್ತುಗೆರೆಗಳನ್ನು, ಒಂದರೊಳಗೊಂದು ಕೂತ ಬಳೆಗಳಂತೆ, ಕೈಯಿಂದಲೇ ಎಳೆಯುವುದು ಅವಳ ಕೆಲಸ. ಆ ಕಚೇರಿಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಹಾಳೆಯ ಮೇಲೆ ಇಷ್ಟು ಅಗಲಕ್ಕಿಂತ ಕಿರಿದಾದ ದಿಬ್ಬ, ಗುಂಡಿ, ಬಂಡೆ ಏನೇ ಇರಲಿ, ಬಿಟ್ಟುಬಿಡಬೇಕು. ಕಂಡದ್ದನ್ನೆಲ್ಲ ಹಾಕುತ್ತ ಹೋದರೆ ನಕ್ಷೆ ಕಜ್ಜಿ ಹತ್ತಿದ ಚರ್ಮದಂತಾಗುತ್ತದೆ, ದಾರಿ ಹುಡುಕುವವನಿಗೆ ದಾರಿಯೇ ಕಾಣುವುದಿಲ್ಲ. ಏನನ್ನು ಬಿಡಬೇಕೆಂದು ತಿಳಿದವನೇ ನಕ್ಷೆಗಾರ. ಬಿಡುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ.

ಆಮೇಲೆ ಬೆಟ್ಟಗಳನ್ನು ಆಕಾಶದಿಂದಲೇ ಅಳೆಯುವ ಕಾಲ ಬಂತು. ಕೈಗೆರೆಯ ವಿಭಾಗ ಮುಚ್ಚಿತು. ಅವಳಿಗಾಗ ನಲವತ್ತೊಂಬತ್ತು. 'ಸೂಕ್ಷ್ಮ ಗೆರೆ ಎಳೆಯಬಲ್ಲವರು ಬೇಕು' ಎಂಬ ಆಸ್ಪತ್ರೆಯ ಜಾಹೀರಾತು ನೋಡಿ, ಕಟ್ಟಡದ ನಕ್ಷೆ ಇರಬೇಕೆಂದು ಹೋದಳು. ಅಲ್ಲಿ ಒಬ್ಬರು ಕೂತಿದ್ದರು. ಮೊದಲು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರಾದ್ದರಿಂದ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಅವರು ಅವಳ ಕೈಗೊಂದು ಪೆನ್ನು ಕೊಟ್ಟು, ಗಾಜಿನ ಹಲಗೆಯ ಮೇಲೆ ಬೂದುಬಣ್ಣದ ಒಂದು ಚಿತ್ರ ಇಟ್ಟರು.

"ಬೆಟ್ಟವನ್ನ ಅಡ್ಡಡ್ಡಲಾಗಿ ಸೀಳಿದ್ರೆ ನಿಮ್ಮ ಸುತ್ತುಗೆರೆ ಬರುತ್ತೆ, ಅಲ್ವಾ?"

"ಹೌದು."

"ಹೃದಯಾನೂ ಹಾಗೇ ಸೀಳಿದೀವಿ. ಚಾಕು ಹಾಕಿಲ್ಲ, ಸ್ಕ್ಯಾನ್ ಮಾಡಿದೀವಿ. ಅರ್ಧ ಮಿಲಿಮೀಟರಿಗೆ ಒಂದು ಹೋಳು. ಪ್ರತಿ ಹೋಳಲ್ಲೂ ಗೋಡೆ ಎಲ್ಲಿದೆ, ಪೊಳ್ಳು ಎಲ್ಲಿದೆ, ಸುಣ್ಣ, ಅಂದ್ರೆ ಕ್ಯಾಲ್ಸಿಯಂ, ಕಟ್ಟಿದ್ದೆಲ್ಲಿ ಅಂತ ಗೆರೆ ಎಳೀಬೇಕು. ಯಂತ್ರವೂ ಎಳೆಯುತ್ತೆ. ಕಷ್ಟದ ಜಾಗದಲ್ಲಿ ಎಡವುತ್ತೆ."

ಅವಳು ನಾಲ್ಕು ದಿನ ಕೂತು ಒಂದು ಹೃದಯ ಮುಗಿಸಿದಳು. ಐದನೆಯ ದಿನ ಮೇಷ್ಟ್ರು ಅವಳ ಗೆರೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ, ಆ ಮನುಷ್ಯನ ರಕ್ತದೊತ್ತಡ, ನಾಡಿ, ರಕ್ತದ ವೇಗ ಎಲ್ಲವನ್ನೂ ಲೆಕ್ಕಕ್ಕೆ ತುಂಬಿ, ಒಂದು ಗುಂಡಿ ಒತ್ತಿದರು. ಪರದೆಯ ಮೇಲೆ ಅವಳ ಗೆರೆ ಬಡಿದುಕೊಂಡಿತು. ಮುದುಡಿತು, ಅರಳಿತು, ಮತ್ತೆ ಮುದುಡಿತು. ಕೆಂಪು ಹೊಳೆಯೊಂದು ಅದರೊಳಗಿಂದ ಚಿಮ್ಮಿ ಹೋಯಿತು.

ನಕ್ಷೆಯಮ್ಮ ಕುರ್ಚಿಯಿಂದ ಎದ್ದೇ ನಿಂತಳು. "ಇಪ್ಪತ್ತೇಳು ವರ್ಷ ನಾನು ಎಳೆದ ಒಂದು ಬೆಟ್ಟಾನೂ ಅಲ್ಲಾಡಿರಲಿಲ್ಲ ಮೇಷ್ಟ್ರೇ!"

ಅಂದಿನಿಂದ ಒಂಬತ್ತು ವರ್ಷ, ಬೆಳಿಗ್ಗೆ ಎದ್ದರೆ ಅವಳಿಗೆ ಯಾವಾಗ ಆಸ್ಪತ್ರೆಯ ಮೂರನೆಯ ಮಹಡಿ ಸೇರುತ್ತೇನೋ ಎಂಬ ಧಾವಂತ. ಅಲ್ಲಿ ತಯಾರಾಗುತ್ತಿದ್ದುದನ್ನು ಅವರು 'ಜೋಡಿ' ಎನ್ನುತ್ತಿದ್ದರು. ರೋಗಿ ಕೆಳಗೆ ವಾರ್ಡಿನಲ್ಲಿ. ಅವನ ಹೃದಯದ ಜೋಡಿ ಮೇಲೆ ಗಣಕದಲ್ಲಿ. ಕೆಳಗಿನವನ ರಕ್ತದೊತ್ತಡ ಎಷ್ಟೋ ಮೇಲಿನದಕ್ಕೂ ಅಷ್ಟೇ ಬರುವವರೆಗೆ ಮೇಷ್ಟ್ರು ಲೆಕ್ಕ ಸರಿಮಾಡುತ್ತಿದ್ದರು. ಎರಡೂ ಒಂದೇ ಲಯಕ್ಕೆ ಬಂದ ಮೇಲೆ, ಮನುಷ್ಯನ ಮೇಲೆ ಮಾಡಲು ಹೆದರುವುದನ್ನೆಲ್ಲ ಜೋಡಿಯ ಮೇಲೆ ಮಾಡಿ ನೋಡುತ್ತಿದ್ದರು. ಈ ಔಷಧ ಕೊಟ್ಟರೆ? ಈ ಕವಾಟ ಹಾಕಿದರೆ? ಜೋಡಿ ಸತ್ತರೆ ಗುಂಡಿ ಒತ್ತಿ ಎಬ್ಬಿಸುತ್ತಿದ್ದರು.

ಮನೆಯಲ್ಲೂ ಇದೇ ಪಾರಾಯಣ. ಅವಳಿದ್ದದ್ದು ತಂಗಿಯ ಸಂಸಾರದ ಜೊತೆ, ಏಳನೆಯ ಮಹಡಿಯ ಮನೆಯಲ್ಲಿ. ತಂಗಿಯ ಗಂಡ ಲಿಫ್ಟ್ ರಿಪೇರಿಯವನು. ಸಂಜೆ ಚಹಾದ ಹೊತ್ತಿಗೆ ಅವನದು ದಿನವೂ ಒಂದೇ ಪ್ರಶ್ನೆ.

"ಅಕ್ಕಾ, ಇವತ್ತು ಯಾರಿಗೆ ಜೋಡಿ ಹುಟ್ಟಿಸಿದ್ರಿ?"

"ಒಬ್ಬ ಅಡುಗೆಯವನಿಗೆ. ಮೂರು ಸಲ ಸತ್ತ. ನಾಲ್ಕನೇ ಔಷಧಕ್ಕೆ ಎದ್ದು ಕೂತ!"

"ಅಯ್ಯೋ, ಚಹಾದ ಮುಂದೆ ಹೆಣದ ಲೆಕ್ಕ ಬೇಡ ಅಕ್ಕ," ಎಂದು ತಂಗಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

"ಹೆಣ ಅಲ್ಲ ಕಣೇ. ನಾಳೆ ನಿಜವಾದವನಿಗೆ ನಾಲ್ಕನೇದನ್ನೇ ಮೊದಲು ಕೊಡ್ತಾರೆ. ಅವನು ಮೂರು ಸಲ ಸಾಯೋದು ತಪ್ಪಿತು."

"ನನಗೂ ಒಂದು ಜೋಡಿ ಮಾಡಿಸಿ ಅಕ್ಕ," ಎನ್ನುತ್ತಿದ್ದ ಲಿಫ್ಟಿನವನು. "ನಿಮ್ಮ ತಂಗಿ ಬೈಗುಳಾನೆಲ್ಲ ಮೊದ್ಲು ಅವನ ಮೇಲೆ ಹಾಕಿ ನೋಡ್ಲಿ."

ಜೋಡಿಯ ಗೆರೆ ಎಳೆಯಲು ಇಬ್ಬರು ಬೇಕು, ಅದು ಅಲ್ಲಿನ ಪದ್ಧತಿ. ಒಂದೇ ಹೃದಯವನ್ನು ಇಬ್ಬರೂ ಬೇರೆಬೇರೆ ಎಳೆಯುತ್ತಾರೆ. ಒಬ್ಬರ ಗೆರೆ ಇನ್ನೊಬ್ಬರು ನೋಡುವಂತಿಲ್ಲ, ಆ ಹೃದಯದ ಮಾತೂ ಆಡುವಂತಿಲ್ಲ. ಇಬ್ಬರ ಮೇಜಿನ ನಡುವೆ ಇದಕ್ಕೆಂದೇ ಒಂದು ಕಬ್ಬಿಣದ ಬೀರು ನಿಲ್ಲಿಸಿದ್ದರು. ಮುಗಿದ ಮೇಲೆ ಯಂತ್ರ ಎರಡನ್ನೂ ಹೋಲಿಸುತ್ತದೆ. ನೂರಕ್ಕೆ ತೊಂಬತ್ತೈದು ಹೊಂದಿದರೆ ಸಾಕು. ಉಳಿದ ಐದರಲ್ಲಿ ಹಿರಿಯಳ ಗೆರೆಯೇ ನಿಲ್ಲುತ್ತದೆ.

ಬೀರುವಿನ ಆಚೆಗಿದ್ದವಳು ಹಚ್ಚೆ. ಮೂವತ್ತೆಂಟರ ಹೆಂಗಸು, ಎರಡು ಮಕ್ಕಳ ತಾಯಿ. ಮೊದಲು ಬಸ್ ನಿಲ್ದಾಣದ ಪಕ್ಕದ ಗೂಡಂಗಡಿಯಲ್ಲಿ ಜನರ ತೋಳು, ಬೆನ್ನಿನ ಮೇಲೆ ಹಚ್ಚೆ ಹಾಕುತ್ತಿದ್ದಳು. ಆ ಹೆಸರೇ ಉಳಿದುಕೊಂಡಿತ್ತು. ಅವಳ ಎಡ ತೋಳಿನ ಮೇಲೆ ಮಣಿಕಟ್ಟಿನಿಂದ ಭುಜದವರೆಗೆ ಹಕ್ಕಿಗಳು ಹಾರುತ್ತಿದ್ದವು. ನಾಲ್ಕು ವರ್ಷದ ಹಿಂದೆ ಸೇರಿದ ಮೊದಲ ದಿನವೇ ನಕ್ಷೆಯಮ್ಮ ಅವಳು ಅಭ್ಯಾಸಕ್ಕೆ ಎಳೆದ ಗೆರೆ ನೋಡಿ ಮೂಗು ಮುರಿದಿದ್ದಳು.

"ಇದೇನೇ, ನಿನ್ನ ಗೆರೆಗೆ ಚಳಿಜ್ವರ ಬಂದಿದೆ?"

"ಹೃದಯವೇ ಹಾಗಿದೆ ಅಕ್ಕ. ಉಬ್ಬುತಗ್ಗು."

"ಉಬ್ಬುತಗ್ಗು ಎಲ್ಲಾ ಕಡೆ ಇರುತ್ತೆ. ಪರದೆ ಮೇಲೆ ನಾಲ್ಕು ಚುಕ್ಕೆಗಿಂತ ಕಿರಿದಾಗಿದ್ರೆ ಬಿಟ್ಟು ನೇರ ಹೋಗು."

"ಚರ್ಮದ ಮೇಲೆ ನಾವು ಹಾಗೆ ಬಿಡಲ್ಲ ಅಕ್ಕ. ಒಂದು ಮಚ್ಚೆ ಇದ್ರೂ ಅದನ್ನ ಸುತ್ತಿಕೊಂಡೇ ಹೋಗ್ಬೇಕು. ತಪ್ಪಿ ಚುಚ್ಚಿದ್ರೆ ರಕ್ತ."

"ಇದು ಗೂಡಂಗಡಿ ಅಲ್ಲ."

ನಾಲ್ಕು ಚುಕ್ಕೆಯ ಆ ನಿಯಮ ಯಾವ ವೈದ್ಯರ ಪುಸ್ತಕದಲ್ಲೂ ಇರಲಿಲ್ಲ. ಭೂಪಟದ ಕಚೇರಿಯಿಂದ ನಕ್ಷೆಯಮ್ಮನ ಕೈಯೊಳಗೇ ಕೂತು ಬಂದದ್ದು. ಯಾರೂ ಪ್ರಶ್ನಿಸಲಿಲ್ಲ. ಮೇಷ್ಟ್ರಂತೂ ಮೆಚ್ಚಿಕೊಂಡಿದ್ದರು, ಯಾಕೆಂದರೆ ನಯವಾದ ಗೆರೆಯ ಮೇಲೆ ಅವರ ಲೆಕ್ಕ ಅರ್ಧ ಹೊತ್ತಿನಲ್ಲಿ ಮುಗಿಯುತ್ತಿತ್ತು. ಹೀಗೆ ಒಬ್ಬಳ ಜಂಬ, ಒಬ್ಬರ ಅವಸರ ಎರಡೂ ಸೇರಿ ಅದು ಶಾಸನವೇ ಆಗಿಹೋಯಿತು.

ಶಾಲೆಯ ಬಸ್ಸು ಓಡಿಸುತ್ತಿದ್ದ ಅರವತ್ತೊಂದರ ಡ್ರೈವರೊಬ್ಬ ಬಂದದ್ದು ಆಗ. ಹೃದಯದಿಂದ ರಕ್ತ ಹೊರಡುವ ಬಾಗಿಲಿನ ಕವಾಟ ಸುಣ್ಣ ಕಟ್ಟಿ ಬಿಗಿದುಹೋಗಿತ್ತು. ಎರಡು ಸಲ ಮೂರ್ಛೆ ಹೋಗಿದ್ದ. ಪುಣ್ಯಕ್ಕೆ ಎರಡೂ ಸಲ ಬಸ್ಸು ನಿಂತಿತ್ತು. ಶ್ವಾಸಕೋಶ ದುರ್ಬಲವಾಗಿದ್ದರಿಂದ ಎದೆ ಸೀಳುವ ಹಾಗಿರಲಿಲ್ಲ. ತೊಡೆಯ ರಕ್ತನಾಳದೊಳಗಿಂದ ತೆಳುವಾದ ನಳಿಕೆ ತೂರಿಸಿ, ಮಡಚಿದ ಹೊಸ ಕವಾಟವನ್ನು ಹೃದಯದ ಬಾಗಿಲಿಗೆ ಒಯ್ದು, ಬಲೂನು ಉಬ್ಬಿಸಿ ಅರಳಿಸಬೇಕು. ಅಳತೆ ತಪ್ಪಬಾರದು. ಚಿಕ್ಕದಾದರೆ ಅಂಚಿನಲ್ಲಿ ರಕ್ತ ಸೋರುತ್ತದೆ. ದೊಡ್ಡದಾದರೆ ಬಾಗಿಲೇ ಹರಿಯುತ್ತದೆ. ಹರಿದರೆ ಮೇಜಿನ ಮೇಲೇ ಮುಗಿಯಿತು.

ಜೋಡಿಯನ್ನು ನೋಡಬೇಕೆಂದು ಅವನೇ ಹಟ ಹಿಡಿದ. ಆಗಿನ್ನೂ ಯಂತ್ರವೇ ಎಳೆದ ಕಚ್ಚಾ ಜೋಡಿಯಷ್ಟೇ ಸಿದ್ಧವಿತ್ತು. ಗಾಲಿಕುರ್ಚಿಯಲ್ಲಿ ಕೂರಿಸಿ ಹೆಂಡತಿ ತಳ್ಳಿಕೊಂಡು ಬಂದಳು.

"ಇದೇನಾ ನಾನು?"

"ನೀವಲ್ಲ. ನಿಮ್ಮ ಜೋಡಿ," ಎಂದರು ಮೇಷ್ಟ್ರು.

"ನನಗಿಂತ ಚೆನ್ನಾಗಿ ಕಾಣ್ತಾನೆ."

"ಮಾತೂ ಆಡಲ್ಲ," ಎಂದಳು ಹೆಂಡತಿ. "ಸಾರ್, ನಾನು ಇವನನ್ನೇ ಮನೆಗೆ ಕರ್ಕೊಂಡು ಹೋಗ್ತೀನಿ. ಇವರನ್ನ ನೀವೇ ಇಟ್ಕೊಳ್ಳಿ."

ಎಲ್ಲರೂ ನಕ್ಕರು. ಡ್ರೈವರ್ ಕೂಡ ನಕ್ಕ. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ, "ವಾಲ್ವ್ ಮೊದ್ಲು ಇವನಿಗೆ ಹಾಕ್ತೀರಾ?"

"ಹೌದು."

"ಇವನು ಸತ್ರೆ?"

"ಮತ್ತೆ ಎಬ್ಬಿಸ್ತೀವಿ."

"ನಾನು ಸತ್ರೆ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಅದಕ್ಕೇ ಮೊದ್ಲು ಇವನಿಗೆ."

ಹೊರಡುವಾಗ ಡ್ರೈವರ್ ಪರದೆಯ ಕಡೆ ತಿರುಗಿ, "ತಮ್ಮಾ, ಹುಷಾರಪ್ಪ" ಎಂದ. ಹೆಂಡತಿ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿದಳು.

ಮಾರನೆಯ ದಿನವಿಡೀ ನಕ್ಷೆಯಮ್ಮ, ಹಚ್ಚೆ ಇಬ್ಬರೂ ಬೀರುವಿನ ಆಚೀಚೆ ಕೂತು ಎಳೆದರು. ಯಂತ್ರ ನೂರಕ್ಕೆ ತೊಂಬತ್ತೇಳು ಎಂದಿತು. ಸಂಜೆ ನಾಲ್ಕಕ್ಕೆ ಮೇಷ್ಟ್ರು ಜೋಡಿಯ ಬಾಗಿಲಿಗೆ ಇಪ್ಪತ್ತಾರು ಮಿಲಿಮೀಟರಿನ ದೊಡ್ಡ ಕವಾಟ ಒಯ್ದು ಬಲೂನು ಉಬ್ಬಿಸಿದರು. ಕವಾಟ ಹೂವಿನಂತೆ ಬಿಚ್ಚಿಕೊಂಡಿತು. ತಿಣುಕುತ್ತಿದ್ದ ರಕ್ತ ದಾರಿ ತೆರೆದ ಕಾಲುವೆಯ ಹಾಗೆ ನುಗ್ಗಿತು. ಬಾಗಿಲಿನ ಒಳಗೂ ಹೊರಗೂ ಇದ್ದ ಒತ್ತಡದ ಅಂತರ ಅರವತ್ತೆರಡರಿಂದ ಎಂಟಕ್ಕಿಳಿಯಿತು. ಅಂಚಿನಲ್ಲಿ ಹನಿಯೂ ಸೋರಲಿಲ್ಲ. ಇಪ್ಪತ್ತಮೂರರ ಚಿಕ್ಕ ಕವಾಟ ಹಾಕಿ ನೋಡಿದಾಗ ಎರಡು ಕಡೆ ಸೋರಿತು. ಇನ್ನು ಯೋಚಿಸುವುದೇನಿದೆ? ಶಸ್ತ್ರಚಿಕಿತ್ಸೆ ಮಾಡಬೇಕಿದ್ದ ಡಾಕ್ಟರಮ್ಮ ಫೋನಿನಲ್ಲೇ "ಇಪ್ಪತ್ತಾರು, ನಾಳೆ ಬೆಳಿಗ್ಗೆ ಒಂಬತ್ತೂವರೆಗೆ" ಎಂದು ನಿಗದಿ ಮಾಡಿದರು.

"ಗೆರೆ ನೆಟ್ಟಗಿದ್ರೆ ಎಲ್ಲಾ ನೆಟ್ಟಗಿರುತ್ತೆ," ಎಂದಳು ನಕ್ಷೆಯಮ್ಮ, ಯಾರೂ ಕೇಳದಿದ್ದರೂ.

ಚೀಲ ಹೆಗಲಿಗೇರಿಸಿದ ಹಚ್ಚೆ ಬೀರುವಿನ ಮೂಲೆಯಲ್ಲಿ ತಡೆದು ನಿಂತಳು. ಹೋಲಿಕೆ ಮುಗಿದಿತ್ತಾದ್ದರಿಂದ ಈಗ ಮಾತಾಡಬಹುದಿತ್ತು.

"ಅಕ್ಕಾ, ವಾಲ್ವಿನ ಕೆಳಗೆ, ಹಿಂದಿನ ಗೋಡೇಲಿ, ಸುಣ್ಣದ ಚುಕ್ಕೆ ಇತ್ತು. ನೀವು ಹಾಕಿದ್ರಾ?"

"ಎಷ್ಟು ಚುಕ್ಕೆ ಅಗಲ?"

"ಮೂರು."

"ಮೂರು ಚುಕ್ಕೆ ಅಂದ್ರೆ ಧೂಳು ಕಣೇ."

"ನಾನು ಹಾಕಿದೀನಿ."

"ನೀನು ಹಾಕದೆ ಇರ್ತೀಯಾ? ನಿನಗೆ ಬಿಟ್ಟರೆ ಸ್ಕ್ಯಾನ್ ಯಂತ್ರದ ಮೇಲಿನ ನೊಣಕ್ಕೂ ಗೆರೆ ಎಳೀತೀಯ."

ಹಚ್ಚೆ ನಕ್ಕು ಹೊರಟುಹೋದಳು. ಮಕ್ಕಳನ್ನು ಶಾಲೆಯಿಂದ ಕರೆತರುವ ಹೊತ್ತಾಗಿತ್ತು. ಅವಳಿಗೂ ಖಾತ್ರಿ ಇರಲಿಲ್ಲ. ಅವಳೂ ಒಂದೊಂದೇ ಹೋಳು ನೋಡಿ ಎಳೆದವಳು. ಒಂದು ಹೋಳಿನಲ್ಲಿ ಮೂರು ಚುಕ್ಕೆ ಮೂರು ಚುಕ್ಕೆಯೇ. ಜೊತೆಗೆ, ನಾಲ್ಕು ವರ್ಷ ಜ್ವರದ ಗೆರೆ ಎನಿಸಿಕೊಂಡವಳಿಗೆ ಹೆಚ್ಚು ವಾದ ಮಾಡುವ ಉಮೇದು ಉಳಿದಿರುವುದಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ನಕ್ಷೆಯಮ್ಮ ಮನೆಯಿಂದ ಹೊರಟರೆ ಲಿಫ್ಟ್ ಕೆಟ್ಟಿತ್ತು.

"ಲಿಫ್ಟ್ ರಿಪೇರಿಯವನ ಮನೆ ಲಿಫ್ಟೇ ಓಡಲ್ಲ," ಎಂದು ಅವಳು ಬಾಗಿಲಿನಿಂದಲೇ ಕೂಗಿದಳು.

"ಅದು ನಮ್ಮ ಕಂಪನೀದಲ್ಲ ಅಕ್ಕಾ!" ಒಳಗಿನಿಂದ ಉತ್ತರ ಬಂತು. "ನಮ್ಮದಾಗಿದ್ರೆ ಇನ್ನೂ ಮೊದ್ಲೇ ಕೆಡ್ತಿತ್ತು!"

ಮೆಟ್ಟಿಲು ಇಳಿಯತೊಡಗಿದಳು. ತಿರುವಿನ ಮೂಲೆಯಲ್ಲಿ ನೀರಿನ ಕೊಳವೆಯೊಂದು ಗೋಡೆಯಿಂದ ಹೊರಗೆ ಚಾಚಿಕೊಂಡಿತ್ತು; ಅವಳ ಮೊಣಕೈ ಬಡಿಯಿತು. ಆರನೆಯ ಮಹಡಿಯ ತಿರುವಿನಲ್ಲಿ ಮತ್ತೆ ಬಡಿಯಿತು. ಐದನೆಯದರಲ್ಲಿ ಪಕ್ಕಕ್ಕೆ ಸರಿದಳು, ಆದರೂ ಚೀಲ ತಗುಲಿತು. ನಾಲ್ಕನೆಯದರಲ್ಲಿ ನಿಂತು, ಮೊಣಕೈ ಉಜ್ಜಿಕೊಳ್ಳುತ್ತ ಬೈದಳು. "ಈ ಕಟ್ಟಡದ ನಕ್ಷೆ ಬರೆದವನಿಗೆ ಬುದ್ಧಿ ಬೇಡ್ವಾ? ಮಹಡಿಗೊಂದು ಗೂಟ!"

ಬೈಯುತ್ತಲೇ ಕಟಕಟೆಯಿಂದ ಬಾಗಿ ಕೆಳಗೆ ನೋಡಿದಳು. ಮಹಡಿಗೊಂದು ಗೂಟವಾಗಿರಲಿಲ್ಲ. ಮೇಲಿನಿಂದ ನೆಲದವರೆಗೆ ಒಂದೇ ಕೊಳವೆ. ಅವಳು ಪ್ರತಿ ಮಹಡಿಯಲ್ಲೂ ಅದರ ಒಂದು ಗೇಣನ್ನಷ್ಟೇ ನೋಡಿ, ಇಷ್ಟೇ ಎಂದುಕೊಂಡು ಸರಿದು ಬಂದಿದ್ದಳು.

ಬೆಟ್ಟದ ನಕ್ಷೆಯಲ್ಲಿ ಒಂದು ದಿಬ್ಬ ಬಿಟ್ಟರೆ ಒಂದು ದಿಬ್ಬ ಹೋಗುತ್ತದೆ, ಅಷ್ಟೆ; ಅಲ್ಲಿ ಒಂದು ಜಾಗಕ್ಕೆ ಒಂದೇ ಹಾಳೆ. ಇಲ್ಲಿ ಹಾಳೆಗಳು ಒಂದರ ಮೇಲೊಂದು ಕೂರುತ್ತವೆ. ಮೂರು ಚುಕ್ಕೆಯನ್ನು ಅವಳು ಬಿಟ್ಟದ್ದು ಒಂದೇ ಹೋಳಿನಲ್ಲೇನು? ಕೈಗೆ ನೆನಪಿತ್ತು. ಹಿಂದಿನ ಗೋಡೆಯ ಆ ಜಾಗದ ಮೇಲೆ ಪೆನ್ನು ನೇರ ಜಾರಿಹೋದದ್ದು, ಮುಂದಿನ ಹೋಳಿನಲ್ಲಿ ಮತ್ತೆ ಜಾರಿಹೋದದ್ದು, ಮತ್ತೆ, ಮತ್ತೆ.

ಐವತ್ತೆಂಟರ ಹೆಂಗಸು ಉಳಿದ ಮಹಡಿಗಳನ್ನು ಹೇಗೆ ಇಳಿದಳೋ, ಹೊರಡುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿದಳು. ಹತ್ತಿದ ಕೂಡಲೇ ಹಚ್ಚೆಗೆ ಫೋನು ಮಾಡಿದಳು.

"ಎಲ್ಲಿದೀಯೇ?"

"ಈಗ ತಾನೇ ಬಂದೆ ಅಕ್ಕ. ಕೋಟು ತೆಗೀತಿದೀನಿ."

"ಕೋಟು ಆಮೇಲೆ ತೆಗಿ. ನಿನ್ನ ಗೆರೆ ತೆಗಿ. ಡ್ರೈವರ್‌ದು. ಆ ಮೂರು ಚುಕ್ಕೆ ಎಷ್ಟು ಹೋಳಲ್ಲಿದೆ ಎಣಿಸು. ಬಾಯಿಬಿಟ್ಟು ಎಣಿಸು, ನನಗೆ ಕೇಳ್ಬೇಕು."

"ಒಂದು… ಎರಡು… ಮೂರು…"

ಬಸ್ಸಿನ ಸದ್ದಿಗೆ ಕೇಳಿಸದೆ ನಕ್ಷೆಯಮ್ಮ ತಾನೂ ಗಟ್ಟಿಯಾಗಿ ಎಣಿಸತೊಡಗಿದಳು. "ಆರು! ಏಳು!" ಪಕ್ಕದಲ್ಲಿದ್ದವನು ಪತ್ರಿಕೆ ಮಡಚಿದ. "ಹತ್ತು! ಹನ್ನೊಂದು!" ಕಂಡಕ್ಟರ್ ಬಂದು, "ಏನಮ್ಮಾ, ಕುರಿ ಎಣಿಸ್ತಿದೀರಾ?" ಎಂದ. ಅವಳು ಅಂಗೈ ತೋರಿಸಿ ತಡೆದಳು. "ಹದಿಮೂರು! ಹದಿನಾಲ್ಕು! ಮುಂದೆ?"

"ಅಷ್ಟೇ ಅಕ್ಕ. ಹದಿನಾಲ್ಕು."

ಅರ್ಧ ಮಿಲಿಮೀಟರಿನ ಹದಿನಾಲ್ಕು ಹೋಳು. ಏಳು ಮಿಲಿಮೀಟರು. ಅದು ಚುಕ್ಕೆಯಲ್ಲ, ಕವಾಟದ ಕೆಳಗೆ ಗೋಡೆಯಲ್ಲಿ ನೆಟ್ಟಗೆ ಹುಗಿದುಕೊಂಡ ಸುಣ್ಣದ ಮೊಳೆ. ದೊಡ್ಡ ಕವಾಟ ಅರಳಿದರೆ ಆ ಮೊಳೆಯನ್ನು ಹೊರಕ್ಕೆ ಒತ್ತುತ್ತದೆ. ಮೊಳೆ ಗೋಡೆಯನ್ನು ಸೀಳುತ್ತದೆ.

"ಹಚ್ಚೇ, ಓಡು. ಮೇಷ್ಟ್ರು ಬಂದಿದ್ರೆ ನಿನ್ನ ಗೆರೆ ಹಾಕಿ ಜೋಡೀನ ಹೊಸದಾಗಿ ಕಟ್ಟೋಕೆ ಹೇಳು. ನನ್ನದನ್ನ ತೆಗೆದುಹಾಕು. ಪೂರ್ತಿ!"

"ಪೂರ್ತೀನಾ ಅಕ್ಕ?"

"ಕಿವುಡೇನೇ ನಿನಗೆ?"

ಮೂರನೆಯ ಮಹಡಿ ಸೇರಿದಾಗ ಒಂಬತ್ತಾಗಲು ಐದು ನಿಮಿಷವಿತ್ತು. ಮೇಷ್ಟ್ರು ಅಂಗಿಯ ತೋಳು ಮಡಚಿ ಕೂತಿದ್ದರು. ಅಂಕುಡೊಂಕಿನ ಗೆರೆಯ ಮೇಲೆ ಲೆಕ್ಕ ಕುಂಟುತ್ತಿತ್ತು. ಮುಗಿಯಲು ಮುಕ್ಕಾಲು ಗಂಟೆಗೂ ಹೆಚ್ಚು ಬೇಕಿತ್ತು. ನಕ್ಷೆಯಮ್ಮ ಕೆಳಗಿನ ಶಸ್ತ್ರಚಿಕಿತ್ಸೆಯ ಕೋಣೆಗೆ ಫೋನು ಹಚ್ಚಿದಳು.

"ಡಾಕ್ಟರಮ್ಮಾ, ಡ್ರೈವರಿಗೆ ಈಗಲೇ ನಿದ್ದೆ ಔಷಧ ಕೊಡ್ಬೇಡಿ. ಹನ್ನೊಂದರವರೆಗೆ ತಡೀರಿ."

"ಏನು ತಮಾಷೆನಾ? ರೋಗಿ ಮೇಜಿನ ಮೇಲಿದಾರೆ, ಹತ್ತು ಜನ ಕೈ ತೊಳ್ಕೊಂಡು ನಿಂತಿದಾರೆ."

"ಕೈ ಇನ್ನೊಂದ್ಸಲ ತೊಳೀಲಿ. ನಿನ್ನೆಯ ಜೋಡಿ ತಪ್ಪು."

"ಯಾರ ತಪ್ಪು?"

"ಅದನ್ನ ಆಮೇಲೆ ವಿಚಾರಿಸೋಣ. ಈಗ ತಡೀರಿ."

ಒಂಬತ್ತೂ ಐವತ್ತಕ್ಕೆ ಹೊಸ ಜೋಡಿ ಬಡಿದುಕೊಂಡಿತು. ಹಚ್ಚೆಯ ಗೆರೆಯ ಹೃದಯ ನೋಡಲು ಚೆನ್ನಾಗಿರಲಿಲ್ಲ. ಗುಬುಟುಗುಬುಟಾಗಿ, ಹಳೆಯ ಗೋಡೆಯ ಹಾಗಿತ್ತು. ಹಿಂದಿನ ಬದಿಯಲ್ಲಿ ಬಿಳಿಯ ಮೊಳೆ ಎದ್ದು ಕಾಣುತ್ತಿತ್ತು. ಮೇಷ್ಟ್ರು ಇಪ್ಪತ್ತಾರರ ಕವಾಟ ಒಯ್ದು ಬಲೂನು ಉಬ್ಬಿಸಿದರು. ಅರ್ಧ ಅರಳಿತು. ಮುಕ್ಕಾಲು. ಒತ್ತಡ ಏರಿದಂತೆ ಮೊಳೆಯ ಸುತ್ತ ಗೋಡೆ ಹಳದಿಯಾಯಿತು, ಕಿತ್ತಳೆಯಾಯಿತು, ಆಮೇಲೆ ಒಂದೇ ಏಟಿಗೆ ಕಡುಗೆಂಪಾಗಿ ಹರಿಯಿತು. ಹೊಳೆ ಹೃದಯದ ಹೊರಗೆ ಚೆಲ್ಲಿತು. ಜೋಡಿ ನಿಂತುಹೋಯಿತು.

ಹಚ್ಚೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಎಬ್ಬಿಸಿ," ಎಂದಳು ನಕ್ಷೆಯಮ್ಮ. "ಇಪ್ಪತ್ತಮೂರು ಹಾಕಿ."

ಇಪ್ಪತ್ತಮೂರಕ್ಕೆ ಗೋಡೆ ತಡೆಯಿತು. ಆದರೆ ಸೋರಿಕೆ! ಎರಡು ಕಡೆ ರಕ್ತ ಹಿಂದಕ್ಕೆ ಜಿನುಗಿತು. ಹೀಗೆಯೇ ಹಾಕಿದರೆ ಡ್ರೈವರ್ ಬದುಕುತ್ತಾನೆ, ಮೆಟ್ಟಿಲು ಹತ್ತಲಾರ.

"ಸ್ವಲ್ಪ ಮೇಲಕ್ಕೆ ಕೂರಿಸಿದ್ರೆ?" ಎಂದಳು ಹಚ್ಚೆ. "ಮೊಳೆಯ ತುದೀನ ಬಿಟ್ಟು?"

ಮೇಷ್ಟ್ರು ಒಂದು ಮಿಲಿಮೀಟರು ಮೇಲಕ್ಕೆ ಸರಿಸಿದರು. ಸೋರಿಕೆ ತಗ್ಗಿತು. ಎರಡು ಮಿಲಿಮೀಟರು. ಇನ್ನೂ ತಗ್ಗಿತು. ಮೂರಕ್ಕೆ ಕವಾಟ ಜಾರಿ ನಾಳದೊಳಕ್ಕೆ ಹೋಗಿಬಿಟ್ಟಿತು. ಜೋಡಿ ಮತ್ತೆ ಸತ್ತ. ಮೇಷ್ಟ್ರು ಎಬ್ಬಿಸಿದರು. ಎರಡೂಕಾಲು. ಬಲೂನಿನಲ್ಲಿ ಒಂದು ಮಿಲಿಲೀಟರು ಕಡಿಮೆ. ಮೂವರೂ ಪರದೆಗೆ ಮೂಗು ತಾಗುವಷ್ಟು ಬಾಗಿದ್ದರು. ಒತ್ತಡದ ಅಂತರ ಹನ್ನೊಂದು. ಗೋಡೆ ಹಳದಿ ದಾಟಲಿಲ್ಲ. ಅಂಚಿನಲ್ಲಿ ಒಂದು ಎಳೆ, ಕೂದಲೆಳೆ, ಅಷ್ಟೇ.

"ಹಿಡಿದ್ವಿ!" ಎಂದು ಕೂಗಿದವರು ಮೇಷ್ಟ್ರು. ಕಾಲೇಜಿನಲ್ಲಿ ಇಪ್ಪತ್ತು ವರ್ಷ ಗದ್ದಲ ಮಾಡಬೇಡಿ ಎಂದವರು ಮೇಜು ಗುದ್ದಿದರು. ನಕ್ಷೆಯಮ್ಮ ಅಷ್ಟರಲ್ಲಿ ಫೋನಿನಲ್ಲಿದ್ದಳು. "ಬರ್ಕೊಳ್ಳಿ ಡಾಕ್ಟರಮ್ಮ. ಇಪ್ಪತ್ತಮೂರು. ಎರಡೂಕಾಲು ಮಿಲಿಮೀಟರು ಮೇಲೆ. ಬಲೂನು ಒಂದು ಮಿಲಿಲೀಟರು ಕಮ್ಮಿ. ಓದಿ ಹೇಳಿ, ಕೇಳ್ತೀನಿ."

ಹನ್ನೆರಡೂವರೆಗೆ ಕೆಳಗಿನಿಂದ ನರ್ಸ್ ಬಂದಳು. ಮುಖ ನೋಡಿದರೇ ತಿಳಿಯುತ್ತಿತ್ತು. ಕವಾಟ ಹೇಳಿದ ಜಾಗದಲ್ಲಿ ಕೂತಿತ್ತು. ಒತ್ತಡದ ಅಂತರ ಹನ್ನೆರಡು, ಜೋಡಿಗಿಂತ ಒಂದೇ ಒಂದು ಹೆಚ್ಚು. ಡ್ರೈವರಿಗೆ ಎಚ್ಚರವಾಗಿ, ತನ್ನ ತಮ್ಮ ಹೇಗಿದ್ದಾನೆಂದು ಕೇಳಿದನಂತೆ. "ಎರಡು ಸಲ ಸತ್ತ ಅಂದೆ," ಎಂದಳು ನರ್ಸ್. "ಪಾಪ, ನನಗೋಸ್ಕರ ಅಂದ್ರು. ಅವರ ಹೆಂಡ್ತಿ ನಗಬೇಕೋ ಅಳಬೇಕೋ ತಿಳೀದೆ ಎರಡೂ ಮಾಡ್ತಿದಾರೆ."

ಮಧ್ಯಾಹ್ನ ಡಾಕ್ಟರಮ್ಮ ಖುದ್ದು ಮೇಲೆ ಬಂದರು. ಎರಡೂ ಜೋಡಿಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಹರಿದ ಗೋಡೆಯ ಮೇಲೆ ಬೆರಳಿಟ್ಟರು.

"ತಪ್ಪು ಯಾರದು ಅಂತ ಕೇಳಿದ್ದೆ."

"ನನ್ನದು," ಎಂದಳು ನಕ್ಷೆಯಮ್ಮ.

"ಹಿಡಿದವರು?"

"ಅದೂ ನಾನೇ." ಅವಳು ತಲೆ ತಗ್ಗಿಸಲಿಲ್ಲ. "ನನ್ನ ತಪ್ಪು ಹಿಡಿಯೋಕೂ ನಾನೇ ಬೇಕಾಯ್ತು ನೋಡಿ."

ಹಚ್ಚೆ ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. ನಗು ತಡೆಯಲೋ, ಇನ್ನೇನು ತಡೆಯಲೋ. ಡಾಕ್ಟರಮ್ಮ ಹೋದರು. ನಿನ್ನೆ ಸಂಜೆ ಬೀರುವಿನ ಮೂಲೆಯಲ್ಲಿ ಆಡಿದ ಮಾತು ಅಲ್ಲಿದ್ದ ಮೂವರಿಗೂ ಗೊತ್ತಿತ್ತು, ಯಾರೂ ಅದನ್ನು ಎತ್ತಲಿಲ್ಲ. ಮೇಷ್ಟ್ರು ಊಟದ ಡಬ್ಬಿ ಹಿಡಿದು ಹೊರಗೆ ನಡೆದರು.

ನಕ್ಷೆಯಮ್ಮ ತನ್ನ ಜಾಗದಲ್ಲಿ ಕೂತಳು. ಮುಂದಿನ ಎರಡು ವಾರದಲ್ಲಿ ಕವಾಟ ಹಾಕಬೇಕಿದ್ದ ಹನ್ನೊಂದು ಜನರ ಜೋಡಿಗಳು ಸಿದ್ಧವಾಗಿದ್ದವು. ಹನ್ನೊಂದೂ ಅವಳ ಗೆರೆ. ಮೊದಲನೆಯದನ್ನು ತೆರೆದಳು, ನೋಡಿದಳು, ನಯವಾಗಿತ್ತು, ಅಚ್ಚುಕಟ್ಟಾಗಿತ್ತು, ಎಲ್ಲೂ ಒಂದು ಅಂಕು ಕಾಣಲಿಲ್ಲ. ಅದನ್ನು ಮುಚ್ಚದೆ ಎದ್ದು ನಿಂತಳು.

"ಹಚ್ಚೇ, ಇಲ್ಲಿ ಬಾ."

"ಏನಕ್ಕ?"

"ಕೂತ್ಕೋ."

"ಎಲ್ಲಿ? ನಿಮ್ಮ ಕುರ್ಚಿಯಲ್ಲಾ?"

"ಮತ್ತೆ ನನ್ನ ತಲೆ ಮೇಲಾ? ಕೂತ್ಕೋ. ಒಂದೊಂದೇ ಹೋಳು ತೆಗೆದು, ನಾನು ಬಿಟ್ಟಿದ್ದನ್ನೆಲ್ಲ ತೋರಿಸು."

ಹಚ್ಚೆ ಕೂತಳು. ಪೆನ್ನು ಕೈಗೆತ್ತಿಕೊಳ್ಳಲು ಅನುಮಾನಿಸಿದಳು, ಆಮೇಲೆ ಎತ್ತಿಕೊಂಡಳು. ನಕ್ಷೆಯಮ್ಮ ಅವಳ ಹಿಂದೆ, ಕಾಗದ ಹಿಡಿದು ನಿಂತಳು. ಎರಡು ನಿಮಿಷವೂ ಆಗಿರಲಿಲ್ಲ.

"ಇಲ್ಲೊಂದಿದೆ," ಎಂದಳು ಹಚ್ಚೆ, ಮೆಲ್ಲಗೆ.

ನಕ್ಷೆಯಮ್ಮ ಬಾಗಿ ನೋಡಿ, ಬರೆದುಕೊಂಡಳು.

"ಮುಂದೆ."